ಗುಡ್ಡಪ್ಪನೂ ಗ್ಯಾಸಿನ ಸಿಲಿಂಡರೂ

ಬೀಡಿ ಹಚ್ಚಿದವರು ಆರಿಸಿ ಬರ್ರಿ, ಆಮೇಲೆ ಕೂಡ್ರಿ. ಯಾಕಂದ್ರೆ ನಾನು ಹೇಳೋದು ಗ್ಯಾಸಿನ ಕತೆ.

ರಾಣೆಬೆನ್ನೂರಿನ ಹೊರಗೆ, ಹೆದ್ದಾರಿ ಪಕ್ಕದ ಓಣಿಯಲ್ಲಿ, ಹಾಲವ್ವ ಅಂತ ಒಬ್ಬ ಹೆಣ್ಣುಮಗಳು ಇದ್ದಳು. ಸರಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡಿ ಹಾಕೋದು ಅವಳ ಕೆಲಸ. ಗಂಡ ತೀರಿಕೊಂಡಿದ್ದ. ಇದ್ದೊಬ್ಬ ಮಗ ಗುಡ್ಡಪ್ಪ. ಮೂವತ್ತು ದಾಟಿದ ಆಳು. ಎತ್ತಿನಂಥಾ ಮೈ, ಕರುವಿನಂಥಾ ಮನಸು. ಒಬ್ಬರಿಗೆ ಕೆಟ್ಟದ್ದು ಬಯಸಿದವನಲ್ಲ, ಒಂದು ಸುಳ್ಳು ಆಡಿದವನಲ್ಲ. ಹೇಳಿದ ಕೆಲಸ ಬಿಟ್ಟವನೂ ಅಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಹೇಳಿದ್ದನ್ನ ಹೇಳಿದ ಹಂಗೇ ಮಾಡುತ್ತಿದ್ದ.

ಒಂದು ದಿನ ಹಾಲವ್ವ ಅಂದಳು, "ಗುಡ್ಡಾ, ಒಲಿ ಆರಿಸಪ್ಪಾ." ಗುಡ್ಡಪ್ಪ ನೀರು ಸುರಿದು ಆರಿಸಿದ. "ಶಾಣ್ಯಾ ನನ್ನ ಮಗ" ಅಂದಳು. ಮರುದಿನ ಅಂದಳು, "ಗುಡ್ಡಾ, ಅಕ್ಕಿ ಆರಿಸಪ್ಪಾ." ಗುಡ್ಡಪ್ಪ ಮೊರದಲ್ಲಿದ್ದ ಅಕ್ಕಿಗೂ ಒಂದು ಕೊಡ ನೀರು ಸುರಿದ.

"ಇದೇನು ಮಾಡಿದ್ಯೋ ಯಪ್ಪಾ?"

"ನೀನ ಹೇಳಿದ್ದಿ ಅಲ್ಲನವ್ವಾ, ಆರಿಸು ಅಂತ. ಇದು ಒಲಿಗಿಂತ ಲಗೂನ ಆರಿತು. ಹೊಗೀನೂ ಬರಲಿಲ್ಲ."

ಹಾಲವ್ವ ನಗಬೇಕೋ ಅಳಬೇಕೋ ತಿಳಿಯದೆ ಒದ್ದೆ ಅಕ್ಕಿಯನ್ನ ಹಂಗೇ ಬೇಯಿಸಿದಳು. ಇಂಥಾ ಮಗನನ್ನ ಯಾವ ಕೆಲಸಕ್ಕೆ ಹಚ್ಚೋದು? ಕಿರಾಣಿ ಅಂಗಡಿಯವನು ಕಳಿಸಿದ, ಹಿಟ್ಟಿನ ಗಿರಣಿಯವನು ಕಳಿಸಿದ, ಕಡೆಗೆ ಬಸ್‌ಸ್ಟ್ಯಾಂಡಿನ ಚಹಾದವನೂ ಕೈ ಮುಗಿದು ಕಳಿಸಿದ. "ನಾ ಇರೋತನಕ ನಡೀತದ. ನಾ ಹೋದ ಮ್ಯಾಲೆ ಇವಗ ತಾಟಿಗೆ ಅನ್ನ ಹಾಕೋರು ಯಾರು?" ಅಂತ ಹಾಲವ್ವ ಒಲೆ ಮುಂದೆ ಕೂತು ತನ್ನಷ್ಟಕ್ಕೇ ಅನ್ನುತ್ತಿದ್ದಳು.

ಅದೇ ಓಣಿಯಲ್ಲಿ ದಾದಾಪೀರ್ ಮೇಸ್ತ್ರಿ ಇದ್ದ. ಕರೇಗೌಡರ ಟ್ರೇಲರ್ ಶೆಡ್ಡಿನಲ್ಲಿ ದೊಡ್ಡ ವೆಲ್ಡರು. ಟ್ರ್ಯಾಕ್ಟರಿಗೆ ಹಿಂದೆ ಕಟ್ಟೋ ಟ್ರೇಲರ್ ಮಾಡೋ ಶೆಡ್ಡು ಅದು. ದಿನವಿಡೀ ಕಬ್ಬಿಣ ಕತ್ತರಿಸೋದು, ಬೆಸೆಯೋದು. ಕತ್ತರಿಸೋಕೆ ಗ್ಯಾಸು ಬೇಕು. ಕಪ್ಪು ಸಿಲಿಂಡರಿನಲ್ಲಿ ಆಕ್ಸಿಜನ್, ಕೆಂಗಂದು ಸಿಲಿಂಡರಿನಲ್ಲಿ ಅಸಿಟಿಲೀನ್. ಎರಡೂ ಸೇರಿದರೆ ನೀಲಿ ಉರಿ, ಉಕ್ಕು ಬೆಣ್ಣೆ ಹಂಗೆ ಹರಿಯುತ್ತದೆ.

ಹಾಲವ್ವ ಮೇಸ್ತ್ರಿ ಮನೆಗೆ ಹೋಗಿ ಕೇಳಿಕೊಂಡಳು. "ದಾದಾಪೀರಣ್ಣಾ, ನನ್ನ ಮಗಗ ಭಾರ ಎತ್ತೋ ಕೆಲಸ ಏನಾರ ಕೊಡ್ಸು. ಹೇಳಿದ್ದು ಬಿಟ್ಟು ಬ್ಯಾರೆ ಮಾಡಾಂವಲ್ಲ."

ಮೇಸ್ತ್ರಿಗೆ ಖುಷಿಯಾಯಿತು. "ಅಕ್ಕಾ, ನಮ್ಮ ಕೆಲಸದಾಗ ಅಂಥಾವ್ರ ಬೇಕು. ಜಾಣರು ತಮಗ ತಿಳಿದಂಗ ಮಾಡಾಕ ಹೋಗಿ ಕೈ ಸುಟ್ಟಗೊಂತಾರ. ಹೇಳಿದಷ್ಟು ಮಾಡೋರ ಸಿಗಂಗಿಲ್ಲ. ನಾಳೆ ಕಳಸು."

ಹಾಲವ್ವ ಏನೋ ಹೇಳೋಕೆ ಬಾಯಿ ತೆಗೆದಳು. ಆಮೇಲೆ ಮುಚ್ಚಿಕೊಂಡಳು. ತಾಯಿ ಅಲ್ಲವೇ.

ಮರುದಿನ ಲಾರಿ ಬಂತು. ಅದರಲ್ಲಿ ತುಂಬಿದ ಸಿಲಿಂಡರುಗಳು. ಮೇಸ್ತ್ರಿ ಒಳಗಿನಿಂದಲೇ ಕೂಗಿ ಹೇಳಿದ, "ಗುಡ್ಡಪ್ಪಾ, ಒಂದೊಂದ ಇಳಿಸ್ಕೊಂಡು ಒಳಗ ತಗೊಂಬಾ."

ಇಳಿಸು ಅಂದರು, ಇಳಿಸಿದ. ಒಳಗೆ ತಗೊಂಬಾ ಅಂದರು. ಹೆಂಗೆ ಅಂತ ಹೇಳಲಿಲ್ಲ. ಗುಡ್ಡಪ್ಪ ಕಪ್ಪು ಸಿಲಿಂಡರನ್ನ ನೆಲಕ್ಕೆ ಮಲಗಿಸಿ, ಕಾಲಿನಿಂದ ಒಂದು ನೂಕು ನೂಕಿದ. ಅದು ಉರುಳಿತು. ಶೆಡ್ಡಿನ ಮುಂದೆ ಇಳಿಜಾರು. ಸಿಲಿಂಡರು ಗಡಗಡ ಅಂತ ಉರುಳುತ್ತಾ ಶೆಡ್ಡಿನ ಒಳಗೇ ನುಗ್ಗಿತು. ಬಣ್ಣ ಬಳಿಯೋರು ಒಂದು ಕಡೆ ಹಾರಿದರು, ಕಬ್ಬಿಣ ಕೊಯ್ಯೋರು ಇನ್ನೊಂದು ಕಡೆ ಹಾರಿದರು. ಮೇಸ್ತ್ರಿ ಓಡಿ ಬಂದು ಒಂದು ಮರದ ದಿಮ್ಮಿ ಅಡ್ಡ ಇಟ್ಟ. ಸಿಲಿಂಡರು ಅದಕ್ಕೆ ತಾಗಿ ನಿಂತಿತು. ಮೇಸ್ತ್ರಿಯ ಉಸಿರು ಮಾತ್ರ ಇನ್ನೂ ಓಡುತ್ತಿತ್ತು.

"ತಗೊಂಬಾ ಅಂದ್ರಲ್ರೀ" ಅಂದ ಗುಡ್ಡಪ್ಪ. "ಅದ ನನಗಿಂತ ಮೊದಲ ಬಂತು."

"ಅಲ್ಲೋ ಮಾರಾಯಾ, ಇದೇನು ಕಟಗಿ ಕೊರಡ ಅಂತ ತಿಳದಿಯಾ? ಇದರಾಗ ಗಾಳಿ ಒತ್ತಿ ಒತ್ತಿ ತುಂಬ್ಯಾರ. ಲಾರಿ ಗಾಲ್ಯಾಗ ಇರೋದಕ್ಕಿಂತ ಎಷ್ಟೋ ಪಟ್ಟು ಜೋರು. ಮ್ಯಾಲಿನ ಮೂತಿ ಮುರಿದ್ರ ಬಾಣ ಬಿಟ್ಟಂಗ ಗ್ವಾಡಿ ತೂರಿ ಹೋಕ್ಕತಿ. ನಡುವ ಯಾರ ನಿಂತಿದ್ರೂ ಕೇಳಂಗಿಲ್ಲ." ಮೇಸ್ತ್ರಿ ಉಸಿರು ತಗೊಂಡ. "ಇನ್ಮ್ಯಾಲೆ ಈ ಶೆಡ್ಡಿನ್ಯಾಗ ಮಲಗಿದ್ದು ಕಂಡ್ರ ಎಬ್ಬಿಸಿ ನಿಲ್ಲಿಸು. ಗ್ವಾಡಿಗೆ ಆನಿಸಿ ಸರಪಳಿ ಹಾಕು. ತಲಿ ಮ್ಯಾಲೆ ಕಬ್ಬಿಣದ ಟೊಪ್ಪಿಗಿ ಇಟ್ಟು ಗಟ್ಟಿ ತಿರುವು. ತಿಳೀತಿಲ್ಲೋ?"

"ಹೂನ್ರಿ, ತಿಳೀತ್ರಿ."

ಗುಡ್ಡಪ್ಪ ತಿಳಿಯಿತು ಅಂದ. ಏನು ತಿಳಿಯಿತು ಅಂತ ಯಾರೂ ಕೇಳಲಿಲ್ಲ.

ಕರೇಗೌಡರ ತಂದೆ ಒಬ್ಬರು ಇದ್ದರು. ಹಣ್ಣು ಹಣ್ಣು ಮುದುಕರು. ಮನೆಯಲ್ಲಿ ಬೇಸರ ಅಂತ ದಿನಾ ಶೆಡ್ಡಿಗೆ ಬಂದು ಕೂಡೋರು. ಮಧ್ಯಾಹ್ನ ಉಂಡ ಮೇಲೆ ಮೂಲೆಯ ಹೊರಸಿನ ಮೇಲೆ ಅಡ್ಡಾದರೆ ಗ್ರೈಂಡರಿನ ಸದ್ದಿಗೂ ಎಚ್ಚರ ಇಲ್ಲ.

ಆ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದರು. ಗುಡ್ಡಪ್ಪ ಶೆಡ್ಡಿನ ಒಳಗೆ ಒಂದು ಸುತ್ತು ನೋಡಿದ. ಎಲ್ಲವೂ ನಿಂತಿದ್ದವು. ಒಂದು ಮಾತ್ರ ಮಲಗಿತ್ತು. ಹತ್ತಿರ ಹೋಗಿ ಅಜ್ಜನನ್ನ ಎರಡೂ ಕೈಯಲ್ಲಿ ಮೆಲ್ಲಗೆ ಎತ್ತಿದ. ಗೋಡೆಗೆ ಆನಿಸಿ ನಿಲ್ಲಿಸಿದ. ಸೊಂಟಕ್ಕೆ ಸರಪಳಿ ಸುತ್ತಿ ಕೊಂಡಿ ಹಾಕಿದ. ಸಿಲಿಂಡರಿನ ಟೊಪ್ಪಿಗೆ ತಂದು ಬೋಳು ತಲೆ ಮೇಲಿಟ್ಟು ತಿರುವತೊಡಗಿದ. ಎಷ್ಟು ತಿರುವಿದರೂ ಟೊಪ್ಪಿಗೆ ಕಚ್ಚಲಿಲ್ಲ.

ಅಜ್ಜನಿಗೆ ಎಚ್ಚರಾಯಿತು. ಕಣ್ಣು ಬಿಟ್ಟರೆ ತಾವು ನಿಂತಿದ್ದಾರೆ, ತಲೆ ಮೇಲೆ ಕಬ್ಬಿಣ ತಿರುಗುತ್ತಿದೆ.

"ಏನ್ ಮಾಡಾಕತ್ತಿಯೋ ತಮ್ಮಾ?"

"ಟೊಪ್ಪಿಗಿ ಕೂಡವಲ್ದ್ರೀ ಅಜ್ಜಾರ. ನಿಮ್ಮ ತಲಿಗೆ ತಿರುಪಿನ ಥ್ರೆಡ್ ಇಲ್ಲ."

"ನನ್ನ ಯಾಕ ಕಟ್ಟಿಹಾಕಿದ್ಯೋ?"

"ಉರುಳಿ ಹೋಗಬಾರ್ದಲ್ರೀ. ಇಳಿಜಾರ ಐತಿ."

ಅಷ್ಟರಲ್ಲಿ ಕರೇಗೌಡರು ಬಂದರು. ತಂದೆಯನ್ನ ಸರಪಳಿಯಲ್ಲಿ ನೋಡಿ ಅವರ ಮುಖ ಕೆಂಪಾಯಿತು. "ಇವನ್ನ ಇವತ್ತ ಮನಿಗೆ ಕಳಸ್ರಿ" ಅಂದರು. ಅಜ್ಜ ಸರಪಳಿಯಲ್ಲಿ ನಿಂತುಕೊಂಡೇ ಅಂದರು, "ಇರಲಿ ಬಿಡೋ ಕರಿಯಾ. ಎಷ್ಟು ಹಗೂರಕ ಎತ್ಯಾನ ಅಂದ್ರ ನನಗ ಎಚ್ಚರ ಆಗಿಲ್ಲ. ನೀ ಒಂದಿನಾರ ನನ್ನ ಹಿಂಗ ಎತ್ತಿಯಾ?" ಗೌಡರು ಸರಪಳಿಯ ಕೊಂಡಿಗೆ ಕೈ ಹಾಕಿದರು.

ಸರಪಳಿ ಬಿಚ್ಚಿದ ಮೇಲೆ ಅಜ್ಜನಿಗೆ ಕಾಲು ಮಡಚೋಕೆ ಆಗಲಿಲ್ಲ. ಗುಡ್ಡಪ್ಪ ಕಾಲು ಹಿಡಿದು ಎಳೆಯೋಕೆ ಹೋದ. ಅಜ್ಜ ಬೇಡ ಅಂದರು. "ಮೊಳಕಾಲ ಕೀಲು ಹಿಡಕೊಂಡೈತಿ. ಕೀಲು ಬಿಗಿಯಾದಾಗ ಎಳೀಬಾರ್ದು, ಬಡೀಬಾರ್ದು. ಒಂದೀಟು ಎಣ್ಣಿ ಹಚ್ಚಿ ಮೆಲ್ಲಕ ತಿರುವಬೇಕು. ತಿಳೀತಿಲ್ಲೋ?"

"ಹೂನ್ರಿ, ತಿಳೀತ್ರಿ."

ಅವತ್ತಿನಿಂದ ದಿನಾ ಮಧ್ಯಾಹ್ನ ಗುಡ್ಡಪ್ಪ ಅಜ್ಜನ ಮೊಳಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿದ. ಅಜ್ಜ ಹರಸಿದರು. ಹಾಲವ್ವನಿಗೆ ಸುದ್ದಿ ಮುಟ್ಟಿ, ಮಗ ಒಂದು ದಡ ಮುಟ್ಟಿದ ಅಂದುಕೊಂಡಳು.

ಹಂಗಿದ್ದಾಗ ಒಂದು ಬೆಳಿಗ್ಗೆ ಮೇಸ್ತ್ರಿ ಕಬ್ಬಿಣಕ್ಕೆ ಗೆರೆ ಹಾಕುತ್ತಾ ಕೂತಿದ್ದ. "ಗುಡ್ಡಪ್ಪಾ, ಹೊಸ ಆಕ್ಸಿಜನ್ ಸಿಲಿಂಡರಿನ ಮೂತಿ ಒಂದೀಟು ತಿರುವಿ ನೋಡು, ಸಡ್ಲ ಐತೇನು."

ಗುಡ್ಡಪ್ಪ ತಿರುವಿ ನೋಡಿದ. ಬಿಗಿ ಇತ್ತು. ಎಳೀಬಾರದು, ಬಡೀಬಾರದು. ಎಣ್ಣೆ ಬಾಟಲಿ ತಂದ. ಅಂಗೈಯಲ್ಲಿ ಸುರುವಿಕೊಂಡ. ಇನ್ನೇನು ಸಿಲಿಂಡರಿನ ಮೂತಿಗೆ ಬಳಿಯಬೇಕು, ಮೇಸ್ತ್ರಿ ತಲೆ ಎತ್ತಿದ.

ಮೇಸ್ತ್ರಿ ಕೂಗಲಿಲ್ಲ. ಕೂಗಿದರೆ ಇವನು ಗಾಬರಿಯಾಗಿ ಬಳಿದೇ ಬಿಟ್ಟಾನು ಅಂತ. ಎದ್ದು ಬಂದು ಆ ಮುಂಗೈಯನ್ನ ಗಟ್ಟಿಯಾಗಿ ಹಿಡಿದ. ಹಿಡಿದುಕೊಂಡೇ ಹೊರಗೆ ಕರಕೊಂಡು ಹೋಗಿ ನಲ್ಲಿಯ ಕೆಳಗೆ ನಿಲ್ಲಿಸಿ ಸೋಪು ಹಚ್ಚಿ ತೊಳೆದ. ಒಂದು ಸಲ ತೊಳೆದ, ಮತ್ತೊಂದು ಸಲ ತೊಳೆದ. ಆಮೇಲೆ ತನ್ನ ತಲೆಯನ್ನೂ ಅದೇ ನಲ್ಲಿಯ ಕೆಳಗೆ ಹಿಡಿದ.

"ಯಾಕ್ರೀ ಮೇಸ್ತ್ರಿ, ಮೈಯಾಗ ಹುಷಾರಿಲ್ಲೇನ್ರಿ?"

"ಹುಷಾರಿದ್ದೀನೋ. ಇವತ್ತೊಂದಿನ ಹುಷಾರಿದ್ದೀನಿ." ಮೇಸ್ತ್ರಿ ಕಟ್ಟೆಯ ಮೇಲೆ ಕೂತ. "ಕೇಳಿಲ್ಲಿ. ಎಣ್ಣಿ ಮನಿಶಾನ ಕೀಲಿಗೆ. ಆಕ್ಸಿಜನ್ನಿಗೆ ಎಣ್ಣಿ ತಾಕಿತಂದ್ರ ಕಡ್ಡಿ ಗೀರೋದ ಬ್ಯಾಡ, ತಾನ ಹೊತ್ತಿ ಸಿಡೀತದ. ಜಿಡ್ಡಿನ ಕೈ, ಜಿಡ್ಡಿನ ಅರಿವಿ ಯಾವ್ದೂ ಹತ್ರ ಬರಬಾರ್ದು. ಎಣ್ಣಿ ಕಂಡ್ರ ಬಿಡಬ್ಯಾಡ. ಸೋಪಿನ ನೀರು ಹಾಕಿ ಪೂರಾ ತೊಳದ ಮ್ಯಾಲೆ ಒಳಗ ಬಾ. ತಿಳೀತಿಲ್ಲೋ?"

"ಹೂನ್ರಿ, ತಿಳೀತ್ರಿ. ಎಣ್ಣಿ ಕಂಡ್ರ ಬಿಡಂಗಿಲ್ರಿ."

ಅವತ್ತು ಶನಿವಾರ. ಸಂಜೆ ಒಂದು ದೊಡ್ಡ ಟ್ರೇಲರ್ ಮುಗಿದು ಹೊರಗೆ ಹೋಯಿತು. ಕರೇಗೌಡರಿಗೆ ಸಮಾಧಾನವಾಗಿ, ಎಲ್ಲರಿಗೂ ಮಂಡಕ್ಕಿ ಮಿರ್ಚಿ ತರಿಸಿದರು. ತರೋಕೆ ಹೋದವನು ಯಾರು? ಗುಡ್ಡಪ್ಪ. ಬಿಸಿ ಬಿಸಿ ಮಿರ್ಚಿ, ಪೇಪರೆಲ್ಲಾ ಎಣ್ಣೆಯಲ್ಲಿ ನೆನೆದಿತ್ತು. ಗುಡ್ಡಪ್ಪ ಶೆಡ್ಡಿನ ಬಾಗಿಲಲ್ಲಿ ನಿಂತು ಪೇಪರು ನೋಡಿದ. ನಲ್ಲಿ ಕಡೆ ತಿರುಗಿದ.

ಎಲ್ಲರೂ ಕೂತು ಕಾಯುತ್ತಿದ್ದರು. ಗುಡ್ಡಪ್ಪ ಪರಾತದಲ್ಲಿ ತಂದಿಟ್ಟ. ಮಿರ್ಚಿಗಳು ಬೆಳ್ಳಗೆ ಮಿಂಚುತ್ತಿದ್ದವು. ಗೌಡರು ಒಂದು ಎತ್ತಿ ಕಚ್ಚಿದರು. ಬಾಯಿಂದ ನೊರೆ ಬಂತು.

"ಗುಡ್ಡಪ್ಪಾ, ಏನೋ ಇದು?"

"ಎಣ್ಣಿ ಇತ್ರಿ. ಎರಡು ಸಲ ತೊಳದೀನ್ರಿ. ಇನ್ನ ಸಿಡ್ಯಂಗಿಲ್ಲ, ಧೈರ್ಯದಿಂದ ತಿನ್ರಿ."

ಅಜ್ಜ ನಕ್ಕೂ ನಕ್ಕೂ ಕೆಮ್ಮಿದರು. ಗೌಡರು ಬಾಯಿ ಮುಕ್ಕಳಿಸಿ ಬಂದು ಮೇಸ್ತ್ರಿಯ ಕಡೆ ನೋಡಿದರು. ಮೇಸ್ತ್ರಿ ಮಿರ್ಚಿ ಕೆಳಗಿಟ್ಟು, ಇವತ್ತು ಇವನಿಗೆ ಎಲ್ಲಾ ಸರಿಯಾಗಿ ಹೇಳಿಬಿಡಬೇಕು ಅಂತ ಕೂತ.

"ಸೋಪಿನ ನೀರು ತಿನ್ನಾಕಲ್ಲೋ. ಪೈಪು ಸಿಲಿಂಡರು ಕೂಡೋ ಜಾಗಕ್ಕ ಹಚ್ಚಿ ನೋಡಾಕೂ ಬೇಕಾಗ್ತದ. ಗುಳ್ಳಿ ಎದ್ರ ಗ್ಯಾಸು ಸೋರಾಕತ್ತೈತಿ ಅಂತ. ಇನ್ನ ಆ ಕೆಂಗಂದು ಸಿಲಿಂಡರು ಐತಲ್ಲ, ಅಸಿಟಿಲೀನು, ಅದು ಸೋರಿದ್ರ ಬೆಳ್ಳುಳ್ಳಿ ವಾಸನಿ ಬರ್ತದ. ಬೆಳ್ಳುಳ್ಳಿ ವಾಸನಿ ಬಂತೋ, ಮದಲ ಬೆಂಕಿ ಇದ್ರ ಆರಿಸು. ಕಿಡಕಿ ಬಾಕ್ಲ ತೆಗಿ. ಒಳಗಿದ್ದ ಮಂದಿನ್ನೆಲ್ಲಾ ಹೊರಗ ಹಾಕು. ಲೈಟಿನ ಸ್ವಿಚ್ ಮುಟ್ಟಬ್ಯಾಡ. ಯಾರ ಬೈದ್ರೂ ಕೇಳಬ್ಯಾಡ, ಗೌಡ್ರ ಇದ್ರೂ ಬಿಡಬ್ಯಾಡ. ತಿಳೀತಿಲ್ಲೋ?"

"ಹೂನ್ರಿ, ತಿಳೀತ್ರಿ."

ಈ ಸಲ ಮೇಸ್ತ್ರಿ ಕೇಳಿದ, "ಏನ ತಿಳೀತು?" ಗುಡ್ಡಪ್ಪ ಒಂದಕ್ಷರ ಬಿಡದೆ ಒಪ್ಪಿಸಿದ. ಮೇಸ್ತ್ರಿಗೆ ನೆಮ್ಮದಿಯಾಯಿತು. ಪಾಪ.

ಮರುದಿನ ಭಾನುವಾರ, ಪಕ್ಕದ ಮನೆ ನಾಗಮ್ಮನ ಮಗಳ ಕುಬಸ. ಚೊಚ್ಚಲ ಬಸಿರಿಗೆ ಹಸಿರು ಸೀರೆ ಉಡಿಸಿ, ಹೂ ಮುಡಿಸಿ, ಆರತಿ ಮಾಡೋಕೆ ಮುತ್ತೈದೆಯರು ನೆರೆದಿದ್ದರು. ಅಡಿಗೆ ಹಾಲವ್ವನದು. ಗುಡ್ಡಪ್ಪ ನೀರು ಹೊತ್ತು ಹಾಕುತ್ತಿದ್ದ. ಎಲ್ಲಾ ಚೆಂದ ನಡೆದಿತ್ತು.

ಹಾಲವ್ವ ಸಾರಿಗೆ ಒಗ್ಗರಣೆ ಹಾಕಿದಳು. ಜಜ್ಜಿದ ಬೆಳ್ಳುಳ್ಳಿ ಎಣ್ಣೆಗೆ ಬಿದ್ದು ಮನೆ ತುಂಬ ಘಮ್ ಅಂತು. ಗುಡ್ಡಪ್ಪ ಕೊಡ ಇಳಿಸಿ ಮೂಗು ಎತ್ತಿದ. ಎರಡು ಹೆಜ್ಜೆಗೆ ಒಲೆ ಹತ್ತಿರ ಬಂದು ಕೊಡದ ನೀರೆಲ್ಲಾ ಸುರಿದ. ಹೊಗೆ ಎದ್ದಿತು. ಕಿಟಕಿ ತೆಗೆದ, ಬಾಗಿಲು ತೆಗೆದ. ಹಾಡು ಹೇಳುತ್ತಿದ್ದ ಹೆಂಗಸರನ್ನ "ಹೊರಗ ನಡೀರಿ, ಹೊರಗ ನಡೀರಿ" ಅಂತ ಎಬ್ಬಿಸಿದ. ನಾಗಮ್ಮ ಬೈದಳು, ಕೇಳಲಿಲ್ಲ. ಬೀಗರು ಬೈದರು, ಕೇಳಲಿಲ್ಲ. ಬಸುರಿ ಹೆಣ್ಣುಮಗಳನ್ನ ಕುರ್ಚಿ ಸಮೇತ ಎತ್ತಿಕೊಂಡು ಹೋಗಿ ಬೇವಿನ ಮರದ ನೆರಳಲ್ಲಿ ಹೂವಿನಂಗೆ ಇಳಿಸಿದ. ಆಮೇಲೆ ಬಾಗಿಲಿಗೆ ಅಡ್ಡ ನಿಂತ.

"ಒಳಗ ಯಾರೂ ಹೋಗಬ್ಯಾಡ್ರಿ. ಬೆಳ್ಳುಳ್ಳಿ ಐತಿ."

ಆರತಿ ತಟ್ಟೆ ಅಲ್ಲೇ ಉಳಿಯಿತು. ಸಾರು ನೀರಾಯಿತು. ಬೀಗರು ಮುಖ ಗಂಟು ಹಾಕಿಕೊಂಡು ಮರದ ಕೆಳಗೆ ನಿಂತರು. ಹಾಲವ್ವ ಎಲ್ಲರ ಕಾಲು ಹಿಡಿದು, ಮತ್ತೆ ಒಲೆ ಹಚ್ಚಿ, ಮತ್ತೆ ಅಡಿಗೆ ಮಾಡಿ ಬಡಿಸಿದಳು. ಮನೆಗೆ ಬಂದು ಬಾಗಿಲು ಹಾಕಿಕೊಂಡು ಮಗನ ಮುಂದೆ ಕೂತಳು. ಬೈಯಬೇಕು ಅಂತ ಬಾಯಿ ತೆರೆದಳು. ಅಳು ಬಂತು.

"ಅವ್ವಾ, ಅಳಬ್ಯಾಡ. ಯಾರಿಗೂ ಏನೂ ಆಗಿಲ್ಲ. ಎಲ್ಲಾರ್ನೂ ಹೊರಗ ಹಾಕೀನಿ."

"ಅಯ್ಯ ನನ್ನಪ್ಪಾ, ಬೆಳ್ಳುಳ್ಳಿ ವಾಸನಿ ಬಂದ್ರ ಊಟಕ್ಕ ಹೊತ್ತಾತು ಅಂತ ಅರ್ಥ. ಮಂದಿನ್ನ ಹೊರಗ ಹಾಕೋದಲ್ಲ. ಕೈಕಾಲು ತೊಳಕೊಂಡು, ತಾಟು ತಗೊಂಡು, ಯಾರಾರ ಬಡಿಸೋ ತನಕ ಸುಮ್ನ ಕುಂತಿರಬೇಕು. ಇಷ್ಟು ಮಾಡಪ್ಪಾ. ಇಷ್ಟ ಮಾಡಿದ್ರ ನಾ ಸತ್ತರೂ ನಿನಗ ಎಲ್ಲೋ ಒಂದು ಕಡೆ ಊಟ ಸಿಗತೈತಿ."

"ಹೂನವ್ವಾ, ತಿಳೀತು."

ನೋಡ್ರಿ, ಮೇಸ್ತ್ರಿ ಹೇಳಿದ್ದು ತಪ್ಪಲ್ಲ. ತಾಯಿ ಹೇಳಿದ್ದೂ ತಪ್ಪಲ್ಲ. ಆದರೆ ಗುಡ್ಡಪ್ಪನ ಹತ್ತಿರ ಹೊಸ ಮಾತು ಬಂದರೆ ಹಳೆ ಮಾತು ಎದ್ದು ಜಾಗ ಬಿಟ್ಟುಕೊಡುತ್ತಿತ್ತು.

ಸೋಮವಾರ ಬೆಳಿಗ್ಗೆ ಶೆಡ್ಡಿನ ಕೀಲಿ ಗುಡ್ಡಪ್ಪನ ಕೈಯಲ್ಲಿತ್ತು. ದೊಡ್ಡ ಶಟರು ಇನ್ನೂ ಇಳಿದೇ ಇತ್ತು. ಪಕ್ಕದ ಸಣ್ಣ ಬಾಗಿಲು ತೆಗೆದು ಒಳಗೆ ಹೋದ. ಕಸ ಹೊಡೆಯಬೇಕು ಅಂತ ಪೊರಕೆ ಎತ್ತಿದ. ಬೆಳ್ಳುಳ್ಳಿ ವಾಸನೆ ಬಂತು. ಪೊರಕೆ ಇಟ್ಟ. ಹೊರಗೆ ಹೋಗಿ ನಲ್ಲಿಯಲ್ಲಿ ಕೈಕಾಲು ತೊಳಕೊಂಡ. ತನ್ನ ಊಟದ ತಾಟು ತಗೊಂಡ. ವಾಸನೆ ಎಲ್ಲಿಂದ ಜಾಸ್ತಿ ಬರುತ್ತಿದೆ ಅಂತ ಹುಡುಕಿ, ಕೆಂಗಂದು ಸಿಲಿಂಡರಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ.

ಮೇಸ್ತ್ರಿ ಬಂದ. ಅವನಿಗೆ ಜೋರು ನೆಗಡಿ, ಮೂಗು ಪೂರಾ ಕಟ್ಟಿತ್ತು. ಕತ್ತಲಿದೆ ಅಂತ ಲೈಟಿನ ಸ್ವಿಚ್ಚಿಗೆ ಕೈ ಹಾಕಬೇಕು, ಅಷ್ಟರಲ್ಲಿ ಬಾಗಿಲಿನ ಬೆಳಕಲ್ಲಿ ತಾಟು ಹಿಡಿದು ಕೂತ ಗುಡ್ಡಪ್ಪ ಕಂಡ. ಕೈ ಅಲ್ಲೇ ನಿಂತಿತು.

"ಏನೋ ಇದು? ಬೆಳಿಗ್ಗೆನ ತಾಟು ಹಿಡಕೊಂಡು ಕುಂತಿ?"

"ಊಟಕ್ಕ ಕುಂತೀನ್ರಿ."

"ಯಾರ ಬಡಿಸ್ತಾರ ಇಲ್ಲಿ?"

"ಗೊತ್ತಿಲ್ರಿ. ಬೆಳ್ಳುಳ್ಳಿ ವಾಸನಿ ಬರಾಕತ್ತೈತಿ. ಯಾರಾರ ಬಡಿಸೋ ತನಕ ಸುಮ್ನ ಕುಂತಿರು ಅಂದಾಳ ನಮ್ಮವ್ವ."

ಮೇಸ್ತ್ರಿ ಸ್ವಿಚ್ಚಿನಿಂದ ಕೈಯನ್ನ ಮೆಲ್ಲಗೆ ಹಿಂದಕ್ಕೆ ತಗೊಂಡ, ಹಾವಿನ ಮೇಲಿಂದ ತಗೊಂಡ ಹಂಗೆ. "ಗುಡ್ಡಪ್ಪಾ, ಏಳು. ಊಟ ಹೊರಗ ಐತಿ. ಬಾ." ಗುಡ್ಡಪ್ಪ ಎದ್ದ. ಮೇಸ್ತ್ರಿ ಅವನನ್ನ ಹೊರಗೆ ಬಿಟ್ಟು, ರಸ್ತೆಯಿಂದ ಬರುತ್ತಿದ್ದ ಆಳುಗಳನ್ನ ದೂರವೇ ನಿಲ್ಲಿಸಿದ. ಬೀಡಿ ಸೇದುತ್ತಿದ್ದವನಿಗೆ ಕೈಸನ್ನೆ ಮಾಡಿ ಹಿಂದಕ್ಕೆ ಕಳಿಸಿದ. ಕಿಟಕಿಗಳನ್ನ ಹೊರಗಿನಿಂದಲೇ ತೆಗೆಸಿದ. ಗಾಳಿ ಆಡಿ ವಾಸನೆ ಪೂರಾ ಹೋಗಿದೆ ಅಂತ ಉಳಿದವರು ಹೇಳಿದ ಮೇಲೆ ಒಳಗೆ ಹೋಗಿ ಸಿಲಿಂಡರಿನ ಮೂತಿ ಮುಚ್ಚಿದ. ಅದು ಪೂರ್ತಿ ಮುಚ್ಚಿರಲಿಲ್ಲ. ಪೈಪಿನ ಕೂಡಿಕೆಯೂ ಸಡಿಲಾಗಿತ್ತು.

ಶನಿವಾರ ಸಂಜೆ ಮಿರ್ಚಿಯ ಗದ್ದಲದಲ್ಲಿ ಅದನ್ನ ಮುಚ್ಚದೆ ಹೋದವನು ಮೇಸ್ತ್ರಿಯೇ.

ಮೇಸ್ತ್ರಿ ಹೊರಗೆ ಬಂದ. ಮಣ್ಣಿನ ಮೇಲೆ ಕೂತ. ಪಕ್ಕದಲ್ಲಿ ಗುಡ್ಡಪ್ಪ ತಾಟು ಹಿಡಿದು ಕೂತ. ಕರೇಗೌಡರು ಬಂದು ಎಲ್ಲಾ ಕೇಳಿದರು. "ಮೇಸ್ತ್ರಿ, ಇವ ಇಲ್ಲಿ ಬ್ಯಾಡ. ಯಾವತ್ತಾದ್ರೂ ಒಂದಿನ ನಮ್ಮನ್ನೆಲ್ಲಾ ಮಣ್ಣು ಮಾಡ್ತಾನ" ಅಂದರು.

"ಗೌಡ್ರ, ಇವತ್ತು ಮಣ್ಣು ಮಾಡ್ತಿದ್ದಾಂವ ನಾನು. ಇವ ಕುಂತಿದ್ದಕ್ಕ ಎಲ್ಲಾರೂ ಉಳದೀವಿ. ಇವನ್ನ ಬಿಡಿಸಿದ್ರ ನನ್ನೂ ಬಿಡಿಸ್ರಿ."

ಅವತ್ತು ಗುಡ್ಡಪ್ಪನನ್ನ ಯಾರೂ ಬೈಯಲಿಲ್ಲ. ಮೇಸ್ತ್ರಿ ಅವನನ್ನ ಖಾನಾವಳಿಗೆ ಕರಕೊಂಡು ಹೋಗಿ ತಾಟು ತುಂಬ ಬಡಿಸಿದ. "ನಮ್ಮವ್ವ ಹೇಳಿದಂಗ ಆತು ನೋಡ್ರಿ" ಅಂದ ಗುಡ್ಡಪ್ಪ.

ಸಂಜೆ ಮೇಸ್ತ್ರಿ ಹಾಲವ್ವನ ಮನೆಗೆ ಹೋದ. "ಅಕ್ಕಾ, ನೀ ಒಂದು ಹೇಳ್ತಿ, ನಾ ಒಂದು ಹೇಳ್ತೀನಿ. ನಡುವ ಅವನ ಜೀಂವ ಹೋಗತಿತ್ತು. ಇನ್ಮ್ಯಾಲೆ ಅವಗ ಏನಾರ ಹೇಳೋದಿದ್ರ ಇಬ್ರೂ ಮಾತಾಡ್ಕೊಂಡು ಒಂದ ಮಾತು ಹೇಳೋಣು." ಹಾಲವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು ಹೂ ಅಂದಳು. ಇಬ್ಬರೂ ಕೂತು ಬಹಳ ಹೊತ್ತು ಯೋಚನೆ ಮಾಡಿದರು. ಉರಿಯ ಹತ್ತಿರ ಬೇಡ, ಪೈಪಿನ ಹತ್ತಿರ ಬೇಡ. ಭಾರ ಎತ್ತೋದು ಅವನಿಗೆ ಬರುತ್ತದೆ, ಹಗುರಾಗಿ ಇಳಿಸೋದೂ ಬರುತ್ತದೆ. ಅದೇ ಇರಲಿ.

ಮೇಸ್ತ್ರಿ ಗುಡ್ಡಪ್ಪನ ಕೈಗೆ ಒಂದು ಚಾಕ್‌ಪೀಸು ಕೊಟ್ಟ. "ಗ್ಯಾಸು ಮುಗಿದದ್ದು ನಾ ಹೇಳ್ತೀನಿ. ಅದರ ಮ್ಯಾಲೆ 'ಖಾಲಿ' ಅಂತ ಬರಿ. ಖಾಲಿ ಎಲ್ಲಾ ಗೇಟಿನ ಹತ್ರ ನಿಲ್ಲಿಸು. ಲಾರಿ ಬಂದಾಗ ಹತ್ತಿಸು. ಅವರು ತುಂಬಿಸಿ ಕಳಿಸ್ತಾರ. ತುಂಬಿ ಬಂದದ್ದರ ಮ್ಯಾಲೆ 'ತುಂಬಿದೆ' ಅಂತ ಬರಿ, ಒಳಗ ನಿಲ್ಲಿಸು. ಖಾಲಿ, ತುಂಬಿದ್ದು, ಎರಡೂ ಕೂಡಬಾರ್ದು."

ಗುಡ್ಡಪ್ಪ ಮೂರನೇ ಇಯತ್ತೆ ತನಕ ಕಲಿತಿದ್ದ. ಅಕ್ಷರ ಸೊಟ್ಟ ಮೂಡಿದರೂ ಓದಬಹುದಿತ್ತು. ಈ ಕೆಲಸ ಅವನಿಗೆ ಹೇಳಿ ಮಾಡಿಸಿದ ಹಂಗಿತ್ತು. ವಾರ ಕಳೆದವು, ತಿಂಗಳು ಕಳೆದವು. ಒಂದು ಸಿಲಿಂಡರೂ ಹೆಚ್ಚುಕಮ್ಮಿ ಆಗಲಿಲ್ಲ. ಕರೇಗೌಡರೇ ಒಂದು ದಿನ ನಿಂತು ನೋಡಿ, ಚಲೋ ಇಟ್ಟಾನ ಅಂದರು. ಮನೆಯಲ್ಲೂ ಎಣ್ಣೆ ಡಬ್ಬಿ ಮುಗಿದರೆ ಖಾಲಿ ಅಂತ ಬರೆದು ಬಾಗಿಲಲ್ಲಿ ಇಡುತ್ತಿದ್ದ. ಹಾಲವ್ವನಿಗೆ ಓದು ಬರದು. ಆದರೂ ಮಗ ಬರೆದದ್ದು ಅಂತ ಅದನ್ನ ಅಳಿಸದೆ ಇಡುತ್ತಿದ್ದಳು.

ಒಂದು ಸಂಜೆ ಹಾಲವ್ವ ಮಗನನ್ನ ಮುಂದೆ ಕೂರಿಸಿಕೊಂಡು ಎಣ್ಣೆ ಹಚ್ಚಿ ತಲೆ ಬಾಚುತ್ತಿದ್ದಳು. ಮನಸು ತುಂಬಿ ಬಂದಿತ್ತು. "ಎಂಥಾ ಬಂಗಾರದಂಥಾ ಮಗ ನೀ. ಕೈ ಚಲೋ, ಗುಣ ಚಲೋ. ತಲಿ ಒಂದು ಖಾಲಿ ಬಿಟ್ಟ ನೋಡು ದೇವರು."

"ಖಾಲಿ ಐತೇನವ್ವಾ?"

"ಪೂರಾ ಖಾಲಿ, ನನ್ನಪ್ಪಾ" ಅಂದಳು ಹಾಲವ್ವ ಮುತ್ತು ಕೊಟ್ಟು.

ಮೇಸ್ತ್ರಿಯನ್ನ ಕೇಳಿ ಆಡಬೇಕಾದ ಮಾತು ಅದು. ಪ್ರೀತಿಯಲ್ಲಿ ಮರೆತಳು.

ಮರುದಿನ ಗುಡ್ಡಪ್ಪ ಗೇಟಿನ ಹತ್ತಿರ ನಿಂತಿದ್ದ ಮೋಟರ್ ಸೈಕಲ್ಲಿನ ಕನ್ನಡಿ ನೋಡಿಕೊಂಡು ಹಣೆ ಮೇಲೆ ದೊಡ್ಡದಾಗಿ 'ಖಾಲಿ' ಅಂತ ಬರೆದುಕೊಂಡ. ಲಾರಿ ಬಂತು. ಖಾಲಿ ಸಿಲಿಂಡರನ್ನೆಲ್ಲಾ ಹತ್ತಿಸಿದ. ಕಡೆಗೆ ತಾನೂ ಹತ್ತಿ, ಅವುಗಳ ನಡುವೆ ನೆಟ್ಟಗೆ ನಿಂತು, ಎಲ್ಲಕ್ಕೂ ಸೇರಿಸಿ ಹಗ್ಗ ಸುತ್ತಿಕೊಂಡ. ಡ್ರೈವರು ಹಿಂದೆ ನೋಡದೆ ಲಾರಿ ಬಿಟ್ಟ.

ಗ್ಯಾಸು ತುಂಬೋ ಫ್ಯಾಕ್ಟರಿಯಲ್ಲಿ ಹಮಾಲರು ಒಂದೊಂದಾಗಿ ಇಳಿಸಿದರು. ಒಂದು ಉಳಿಯಿತು. ಅದಕ್ಕೆ ಮೀಸೆ ಇತ್ತು. ಹಮಾಲರು ಓಡಿ ಹೋಗಿ ಸೂಪರ್‌ವೈಸರನ್ನ ಕರೆತಂದರು. 

ಅವರು ವಯಸ್ಸಾದ, ನಿಧಾನದ ಮನುಷ್ಯ. ಕನ್ನಡಕ ಏರಿಸಿ ಗುಡ್ಡಪ್ಪನ ಹಣೆ ನೋಡಿದರು.

"ಯಾರಪಾ ನೀನು?"

"ಕರೇಗೌಡ್ರ ಶೆಡ್ಡಿಂದ ಬಂದೀನ್ರಿ. ತುಂಬಿಸ್ರಿ."

"ಏನ ತುಂಬ್ಲಿ?"

"ಅದ ನಿಮಗ ಗೊತ್ರಿ. ನನಗ ಖಾಲಿ ಅಂತ ಅಷ್ಟ ಹೇಳ್ಯಾರ."

ಯಾರೋ ನಗೋಕೆ ಹೋದರು. ಸೂಪರ್‌ವೈಸರು ಕೈ ಎತ್ತಿ ಸುಮ್ಮನಿರಿಸಿದರು. "ಮುಂಜಾನಿಂದ ಏನಾರ ತಿಂದಿಯಾ?" "ಇಲ್ರಿ." ಅವರು ಕೆಳಗೆ ಇಳಿಸಿಕೊಂಡು, ತಮ್ಮ ಬುತ್ತಿ ಬಿಚ್ಚಿ ರೊಟ್ಟಿ, ಬದನೆಕಾಯಿ ಪಲ್ಯ ಹಾಕಿದರು. ಹಮಾಲರು ತಮ್ಮ ಬುತ್ತಿಯಿಂದ ಅನ್ನ ಮಜ್ಜಿಗೆ ಹಾಕಿದರು. ಇನ್ನೊಂದು ರೊಟ್ಟಿ, ಮತ್ತೊಂದು ರೊಟ್ಟಿ. ಗುಡ್ಡಪ್ಪ ಕೈ ಅಡ್ಡ ಹಿಡಿದ. "ಸಾಕ್ರಿ, ತುಂಬ್ತು."

ಇತ್ತ ಶೆಡ್ಡಿನಲ್ಲಿ ಗುಡ್ಡಪ್ಪ ಕಾಣದೆ ಮೇಸ್ತ್ರಿ ಬಾವಿ, ಕೆರೆ, ರಸ್ತೆ ಎಲ್ಲಾ ಹುಡುಕಿಸಿದ್ದ. ಹಾಲವ್ವ ಶಾಲೆಯಿಂದ ಓಡಿ ಬಂದು ಗೇಟಿನಲ್ಲಿ ಕುಸಿದು ಕೂತಿದ್ದಳು. ಫ್ಯಾಕ್ಟರಿಯಿಂದ ಫೋನು ಬಂತು. "ನಿಮ್ಮದೊಂದು ಇಲ್ಲೈತ್ರಿ. ಲಾರಿಯಾಗ ವಾಪಸ್ ಕಳಸಾಕತ್ತೀವಿ" ಅಂದರು.

ಹೊತ್ತು ಇಳಿಯೋದರೊಳಗೆ ಲಾರಿ ಬಂತು. ಡ್ರೈವರು ಮುಂದೆ ಕೂಡು ಅಂತ ಎಷ್ಟು ಕರೆದರೂ ಗುಡ್ಡಪ್ಪ ಕೇಳಿರಲಿಲ್ಲವಂತೆ. ಒಬ್ಬ ಹಮಾಲ ಅವನ ರಟ್ಟೆ ಹಿಡಿದು ಹಿಂದೆಯೇ ನಿಂತು ಬಂದಿದ್ದ. ತುಂಬಿದ ಸಿಲಿಂಡರುಗಳ ನಡುವೆ ಗುಡ್ಡಪ್ಪ ನೆಟ್ಟಗೆ ನಿಂತಿದ್ದ. ಹಣೆ ಒರೆಸಿಕೊಂಡು ಹೊಸದಾಗಿ ಏನೋ ಬರೆದುಕೊಂಡಿದ್ದ. ಅವ್ವನನ್ನ ನೋಡಿ ಮುಖ ಅರಳಿತು. ಆದರೆ ಇಳಿಯಲಿಲ್ಲ. ತುಂಬಿದ ಸಿಲಿಂಡರು ತಾನಾಗಿ ಇಳಿಯೋದುಂಟೇ?

ಹಾಲವ್ವ ಎದ್ದು ನಿಂತಳು. "ಏನ ಬರದಾನ ದಾದಾಪೀರಣ್ಣಾ?"

"ತುಂಬಿದೆ ಅಂತ ಬರದಾನ, ಅಕ್ಕಾ."

ಹಾಲವ್ವ ಮಗನನ್ನ ಮೇಲಿಂದ ಕೆಳಗೆ ನೋಡಿದಳು. ಮೀಸೆಗೆ ಮಜ್ಜಿಗೆ ಮೆತ್ತಿತ್ತು. ಅವಳು ಸೆರಗು ಸೊಂಟಕ್ಕೆ ಸಿಗಿಸಿ ಹಮಾಲನ, ಶೆಡ್ಡಿನ ಆಳುಗಳ ಕಡೆ ತಿರುಗಿದಳು.

"ಹಂಗಾರ ಸಾವಕಾಶ ಇಳಿಸ್ರಪಾ" ಅಂದಳು. "ಎಲ್ಲೂ ತಾಕಿಸಬ್ಯಾಡ್ರಿ."